ರಿವಾಲ್ವರ್ ರೀಲ್ ನೋಡಿ ಕೋವಿಗೆ ಚರೆ ತುಂಬುವ ಮುನ್ನ

ಕಳೆದ ವಾರ ಟೀ ಅಂಗಡಿ ಕಟ್ಟೆ ಮೇಲೆ ನಮ್ಮೂರ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದ. ಅಮೆರಿಕದ ವಿಡಿಯೋ. ಮರದ ಮೇಲೆ ಅಟ್ಟಣೆ ಕಟ್ಟಿ ಕೂತವನೊಬ್ಬ ಉದ್ದ ನಳಿಗೆಯ ರಿವಾಲ್ವರ್‌ನಿಂದ ಜಿಂಕೆಗೆ ಹೊಡೆಯುತ್ತಾನೆ. ಜಿಂಕೆ ಸ್ವಲ್ಪ ದೂರ ಓಡಿ ಬೀಳುತ್ತದೆ.

"ಅಣ್ಣಾ, ಅವ್ರು ಅದಕ್ಕೆ ಎಂಥ ಗುಂಡು ಹಾಕ್ತಾರೆ? ನಮ್ಮ ಕೇಪಿನ ಕೋವೀಲಿ ಹೊಡೆದ್ರೆ ಯಾಕೆ ಹಿಂಗೆ ಬೀಳಲ್ಲ?" ಅಂತ ಕೇಳಿದ.

ಅಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅವನ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಅಜ್ಜನ ಕಾಲದಿಂದ ಬಂದ ಕೋವಿ ಇದೆ. ಅವರ ಎರಡು ಎಕರೆ ಮೆಕ್ಕೆಜೋಳಕ್ಕೆ ರಾತ್ರಿ ಜಿಂಕೆ ನುಗ್ಗುತ್ತಿರುವುದೂ ನಿಜ. ಗದರಿಸಿ ಕಳಿಸಿದರೆ ಅವನು ಉತ್ತರವನ್ನು ಇನ್ನೊಂದು ರೀಲ್‌ನಲ್ಲಿ ಹುಡುಕುತ್ತಾನೆ. ಅದಕ್ಕೇ ಪೂರ್ತಿ ಹೇಳುತ್ತೇನೆ.

ಅಮೆರಿಕದಲ್ಲಿ ಕೈಕೋವಿಯಿಂದ ಜಿಂಕೆ ಬೇಟೆಯಾಡುವವರು ಹೆಚ್ಚಾಗಿ ಬಳಸುವ ತೋಟಾಗಳಲ್ಲಿ .44 ಮ್ಯಾಗ್ನಮ್ ಒಂದು. 1955ರಲ್ಲಿ ಬಂದದ್ದು. ಗುಂಡಿನ ದಪ್ಪ ಸುಮಾರು 11 ಮಿ.ಮೀ., ತೂಕ ಸಾಮಾನ್ಯವಾಗಿ 15 ಗ್ರಾಂ ಆಸುಪಾಸು. ಕೈಕೋವಿಯ ಗುಂಡಿಗೆ ರೈಫಲ್ ಗುಂಡಿನ ವೇಗ ಇರುವುದಿಲ್ಲ. ಹಾಗಾಗಿ ಆಯ್ಕೆ ಕಷ್ಟ. ಗುಂಡು ತೀರಾ ಮೆದುವಾದರೆ ಚರ್ಮ, ಮೂಳೆಗೆ ತಾಗಿ ಅರಳಿ ಅಲ್ಲೇ ನಿಲ್ಲುತ್ತದೆ. ಪೂರ್ತಿ ಕವಚ ಹಾಕಿದ ಗಟ್ಟಿ ಗುಂಡಾದರೆ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ; ಜಿಂಕೆ ದೂರ ಓಡಿ ನರಳಿ ಸಾಯಬಹುದು. ಅದಕ್ಕೇ ಅಲ್ಲಿನ ಹಲವು ರಾಜ್ಯಗಳು ಜಿಂಕೆಗೆ ಪೂರ್ತಿ ಕವಚದ ಗುಂಡು ಬಳಸಬಾರದು, ಒಳಗೆ ಹೋಗಿ ಅರಳುವ ಗುಂಡನ್ನೇ ಬಳಸಬೇಕು ಎಂದು ನಿಯಮ ಮಾಡಿವೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡೇ ನಿಷೇಧ. ಸೀಸದ ಚೂರು ಉಳಿದ ಮಾಂಸ ತಿಂದು ಅಲ್ಲಿನ ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು.

ಇಷ್ಟೆಲ್ಲ ಆದ ಮೇಲೂ ಅನುಭವಿ ಬೇಟೆಗಾರರು ಹೇಳುವುದು ಒಂದೇ ಮಾತು: ಗುಂಡು ಎಂಥದ್ದೇ ಇರಲಿ, ಹತ್ತಿರದಿಂದ ಎದೆಗೂಡಿಗೇ ಹೊಡೆಯುವ ಖಾತ್ರಿ ಇಲ್ಲದಿದ್ದರೆ ಕುದುರೆ ಎಳೆಯಬೇಡ.

ರೀಲ್‌ನಲ್ಲಿ ಕಾಣದ್ದು ಇನ್ನೂ ಇದೆ. ಅಲ್ಲಿ ಬೇಟೆಗೆ ಲೈಸೆನ್ಸ್ ಬೇಕು, ತಿಂಗಳು ಗೊತ್ತು ಮಾಡಿರುತ್ತಾರೆ, ಎಷ್ಟು ಜಿಂಕೆ ಎಂಬ ಲೆಕ್ಕ ಇರುತ್ತದೆ. ಹೊಸಬರು ಸಾಮಾನ್ಯವಾಗಿ ತರಬೇತಿ ಮುಗಿಸಿರಬೇಕು. 1937ರ ಕಾನೂನಿನಂತೆ ಬೇಟೆ ಬಂದೂಕು, ತೋಟಾಗಳ ಮೇಲೆ ಶೇ. 11 ತೆರಿಗೆ ಹಾಕಿ ಆ ಹಣವನ್ನು ವನ್ಯಜೀವಿಗಳಿಗೇ ಖರ್ಚು ಮಾಡುತ್ತಾರೆ. ಅವರ ಪದ್ಧತಿ ಸರಿಯೋ ತಪ್ಪೋ, ಅದು ಬೇರೆ ಮಾತು. ಅದರ ಹಿಂದೆ ಒಂದು ವ್ಯವಸ್ಥೆಯಂತೂ ಇದೆ. ನಮ್ಮ ಹುಡುಗರ ಮೊಬೈಲಿಗೆ ಬರುವುದು ಗುಂಡಿನ ಸದ್ದು ಮಾತ್ರ.

ಈಗ ನಮ್ಮ ಕೋವಿಗೆ ಬರೋಣ.

1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಹೇಳುವುದು ನಳಿಗೆ ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಕೋವಿ ಕೊಡಬಹುದು. ಈ ಲೈಸೆನ್ಸ್ ಬೆಳೆ ಕಾಯಲು. ಶಿಕಾರಿಗೆ ಅಲ್ಲ.

ಆ ಕೋವಿಗೆ ನಮ್ಮವರು ತುಂಬುವುದು ಚರೆ. ಚರೆ ನಳಿಗೆಯಿಂದ ಹೊರಬಿದ್ದ ಕೂಡಲೇ ಹರಡುತ್ತದೆ. ಅಂದಾಜು ಲೆಕ್ಕದಲ್ಲಿ ಗಜಕ್ಕೆ ಒಂದು ಇಂಚು. ಅಂದರೆ 40 ಗಜ ದೂರಕ್ಕೆ ಹೋಗುವಾಗ ಮೂರು ಅಡಿಗಿಂತ ಅಗಲ. ಜಿಂಕೆಯ ಶ್ವಾಸಕೋಶ, ಹೃದಯ ಇರುವ ಜಾಗ ಒಂದು ಊಟದ ತಟ್ಟೆಯಷ್ಟು. ಉಳಿದ ಚರೆ ಹೊಟ್ಟೆಗೆ, ತೊಡೆಗೆ, ಮುಖಕ್ಕೆ ಬೀಳುತ್ತದೆ. ಜಿಂಕೆ ಅಲ್ಲಿ ಬೀಳುವುದಿಲ್ಲ. ಕಾಡಿಗೆ ಓಡಿ, ಗಾಯ ಕೀವಾಗಿ, ಹುಳು ಬಿದ್ದು ದಿನಗಟ್ಟಲೆ ಸಾಯುತ್ತದೆ. ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಇದು. ಬೇರೆ ಚರೆ, ಜಾಸ್ತಿ ಮದ್ದು ಹಾಕಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಹಳೇ ನಳಿಗೆಗೆ ಮದ್ದು ಜಾಸ್ತಿಯಾದರೆ ಸಿಡಿಯುವುದು ನಿಮ್ಮ ಮುಖದ ಹತ್ತಿರವೇ.

ಅದೂ ರಾತ್ರಿ, ಟಾರ್ಚ್ ಬೆಳಕಿನಲ್ಲಿ ಹೊಳೆವ ಕಣ್ಣು ನೋಡಿ ಹೊಡೆಯುವುದು. ಹಂದಿ ಎಂದುಕೊಂಡು ಮನುಷ್ಯರಿಗೆ ಗುಂಡು ತಗುಲಿದ ಸುದ್ದಿ ಮಲೆನಾಡು, ಕೊಡಗಿನಲ್ಲಿ ಹೊಸದಲ್ಲ. ಸತ್ತವನೂ ಊರಿನವನೇ, ಜೈಲಿಗೆ ಹೋಗುವವನೂ ಊರಿನವನೇ.

ಕಾನೂನಿನ ವಿಷಯದಲ್ಲೂ ತಪ್ಪು ತಿಳಿವಳಿಕೆ ಬಹಳ. "ಸತ್ತರೆ ತಾನೇ ಕೇಸು" ಅನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಗಾಯ ಮಾಡಿದರೂ, ಉರುಳು ಹಾಕಿದರೂ, ಹೊಡೆಯಲು ಪ್ರಯತ್ನಿಸಿದರೂ ಅದು ಬೇಟೆಯೇ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ. ಆ ವಿನಾಯಿತಿ ಕೋವಿಗೆ ಮಾತ್ರ, ಜಿಂಕೆಗೆ ಹೊಡೆಯಲು ಅಲ್ಲ.

ಹಾಗಾದರೆ ರೈತ ಬೆಳೆ ಬಿಟ್ಟುಕೊಡಬೇಕೆ? ಖಂಡಿತ ಇಲ್ಲ. ತೆನೆ ಕಟ್ಟಿದ ಜೋಳ ಒಂದೇ ರಾತ್ರಿಯಲ್ಲಿ ಹೋದಾಗ ಆ ಮನೆಯವರ ಮುಖ ನೋಡಿದವನು ನಾನು. ಪರಿಹಾರಕ್ಕೆ ಫೋಟೊ, ಪಹಣಿ, ಅರ್ಜಿ ಎಂದು ಓಡಾಡಿದ ಬಸ್ ಚಾರ್ಜು ಲೆಕ್ಕ ಹಾಕಿದರೆ ಬಂದ ದುಡ್ಡಿಗೆ ಅರ್ಥವೇ ಇರುವುದಿಲ್ಲ ಎಂದು ಅವರು ಹೇಳುವುದೂ ಸುಳ್ಳಲ್ಲ. ಚುನಾವಣೆ ಬಂದರೆ ಕೋವಿಯನ್ನೂ ಠಾಣೆಗೆ ಒಪ್ಪಿಸಿ ಬರಬೇಕು. "ಪ್ರಾಣಿ ಮೇಲೆ ಕರುಣೆ ಇರಲಿ" ಎಂದು ಪೇಟೆಯಲ್ಲಿ ಕೂತು ಹೇಳುವವರು ಒಂದು ರಾತ್ರಿ ಅಟ್ಟಣೆ ಮೇಲೆ ಮಲಗಿ ನೋಡಲಿ.

ನನ್ನ ಅಭಿಪ್ರಾಯ ಇಷ್ಟೇ. ಬೆಳೆ ಕಾಯುವ ಕೋವಿಯಿಂದ ಸದ್ದು ಬರಲಿ, ಚರೆ ಬೇಡ. ಬರೀ ಮದ್ದಿನ ಈಡು ಆಕಾಶಕ್ಕೆ ಹೊಡೆದರೆ ಜಿಂಕೆ ಆ ರಾತ್ರಿ ದೂರ ಹೋಗುತ್ತದೆ. ಒಂದೇ ಜಾಗದಿಂದ ದಿನಾ ಹೊಡೆದರೆ ಅದಕ್ಕೆ ಅಭ್ಯಾಸವಾಗುತ್ತದೆ. ಜಾಗ, ಹೊತ್ತು ಬದಲಿಸುತ್ತಿರಬೇಕು. ಲೈಸೆನ್ಸ್ ಕೊಡುವಾಗ, ನವೀಕರಿಸುವಾಗ ಕೋವಿ ಹಿಡಿಯುವ ಬಗೆಯನ್ನು ಕಡ್ಡಾಯವಾಗಿ ಕಲಿಸಲಿ. ಒಬ್ಬೊಬ್ಬರೇ ಬೇಲಿ ಹಾಕಿಕೊಂಡರೆ ಜಿಂಕೆ ಪಕ್ಕದ ಹೊಲಕ್ಕೆ ಹೋಗುತ್ತದೆ. ಕಾಡಂಚಿನ ಹತ್ತು ಮನೆಗಳಿಗೆ ಸೇರಿಸಿ ಒಂದೇ ಬೇಲಿಗೆ ಸರ್ಕಾರ ನೆರವು ಕೊಡಲಿ. ಪರಿಹಾರ ಮುಂದಿನ ಬಿತ್ತನೆಗೆ ಮೊದಲು ಕೈಸೇರಲಿ.

ಇಷ್ಟು ಮಾಡಿದರೂ ಕಾಟ ತಪ್ಪದಿದ್ದರೆ ಕಾಯ್ದೆಯಲ್ಲೇ ದಾರಿ ಇದೆ. ಬೆಳೆಗೆ ಅಪಾಯವಾದ ಕೆಲವು ಪ್ರಾಣಿಗಳನ್ನು ಅಧಿಕಾರಿಯ ಲಿಖಿತ ಆದೇಶದ ಮೇಲೆ ಕೊಲ್ಲಬಹುದು. ಕಾಡುಹಂದಿ ವಿಷಯದಲ್ಲಿ ಕೇರಳ 2022ರಲ್ಲಿ ಈ ಆದೇಶದ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ನಮ್ಮಲ್ಲೂ ಅದರ ಸಾಧಕ ಬಾಧಕ ಗ್ರಾಮಸಭೆಯಲ್ಲಿ ಬಹಿರಂಗವಾಗಿ ಚರ್ಚೆಯಾಗಲಿ. ಆಗ ಗುಂಡು ಹೊಡೆಯುವವನು ತರಬೇತಿ ಪಡೆದವನಾಗಿರಬೇಕು. ಯಾವ ಗುಂಡು ಎಂಬ ಪ್ರಶ್ನೆ ಅವನು ಕೇಳಬೇಕಾದದ್ದು.

ಟೀ ಅಂಗಡಿ ಹುಡುಗನಿಗೂ ಇದನ್ನೇ ಹೇಳಿದೆ. "ಹಂಗಾದ್ರೆ ಇವತ್ತು ರಾತ್ರಿ ಏನು ಮಾಡ್ಲಿ ಅಣ್ಣಾ?" ಎಂದ. ಬರೀ ಮದ್ದು ಹಾಕು, ಚರೆ ಮನೇಲೇ ಇರಲಿ ಎಂದೆ. ಮುಂದಿನ ಗ್ರಾಮಸಭೆಗೆ ಅವನೂ ನಾನೂ ಹೋಗುತ್ತಿದ್ದೇವೆ. ನಿಮ್ಮ ಊರಿನ ಗ್ರಾಮಸಭೆಯಲ್ಲೂ ಈ ವಿಷಯ ಎತ್ತಿ.