ಅಂಬಾಸಿಡರ್ ಇದೆ, ಬೋಲ್ಟ್ ಇಲ್ಲ: ಹಳೇ ಕಾರುಗಳ ಅಸಲಿ ಕಷ್ಟ ಎಲ್ಲಿದೆ?

ಮೈಸೂರು: ಹಳೇ ಕಾರು ಇಟ್ಟುಕೊಂಡವರಿಗೆ ದೊಡ್ಡ ತಲೆನೋವು ಇಂಜಿನ್ನು, ಇಲ್ಲಾಂದ್ರೆ ಬಾಡಿ ಕೆಲಸ ಅಂತ ಹೊರಗಿನವರು ಅಂದ್ಕೊಂಡಿರ್ತಾರೆ. ಗ್ಯಾರೇಜ್ ಒಳಗೆ ಹೋದ್ರೆ ಲೆಕ್ಕವೇ ಬೇರೆ. ಇಂಜಿನ್ ಬೋರ್ ಮಾಡಿಸಬಹುದು, ಟಿಂಕರಿಂಗ್ ಮಾಡಿಸಬಹುದು. ಆದ್ರೆ ಬೆರಳುದ್ದದ ಒಂದು ಬೋಲ್ಟ್ ಮುರಿದರೆ ವಾರಗಟ್ಟಲೆ ಗಾಡಿ ಜಾಕ್ ಮೇಲೇ ನಿಂತಿರುತ್ತೆ.

ಈ ವಿಷಯಕ್ಕೆ ಈಗ ಮಹತ್ವ ಬಂದಿರೋದಕ್ಕೆ ಕಾರಣ ಇದೆ. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು 5,000ದಿಂದ 10,000 ರೂಪಾಯಿಗೆ ಏರಿಸಿತು. ಅಷ್ಟು ಹಣ ಕಟ್ಟಿ ಗಾಡಿ ಉಳಿಸಿಕೊಳ್ಳುವವರು ತಪಾಸಣೆಗೆ ಮುಂಚೆ ಬ್ರೇಕ್, ಸ್ಟೇರಿಂಗ್, ಸಸ್ಪೆನ್ಷನ್ ಬಿಚ್ಚಿ ಸರಿಮಾಡಿಸಲೇಬೇಕು. ಬಿಚ್ಚಿದಾಗಲೇ ಬೋಲ್ಟಿನ ಸಮಸ್ಯೆ ಎದ್ದು ಕೂರುತ್ತದೆ.

ಒಂದೇ ಕಾರು, ಎರಡು ಅಳತೆ

ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹಾಗಾಗಿ ಅದರ ಚಾಸಿ, ಸಸ್ಪೆನ್ಷನ್ ಕಡೆಯ ಬೋಲ್ಟುಗಳು ಇಂಚಿನ ಲೆಕ್ಕದವು. ಹೆಚ್ಚಿನವು ಯುಎನ್‌ಎಫ್, ಅಂದರೆ ಸಣ್ಣ ಥ್ರೆಡ್ಡಿನವು. 1990ರ ದಶಕದಲ್ಲಿ ಇದೇ ಗಾಡಿಗೆ ಜಪಾನಿನ ಇಸುಜು 1.8 ಲೀಟರ್ ಇಂಜಿನ್ ಬಂತು, ಅದು ಪೂರ್ತಿ ಮಿಲಿಮೀಟರ್ ಲೆಕ್ಕ. ಬಾನೆಟ್ ಎತ್ತಿದರೆ 13ರ ಸ್ಪ್ಯಾನರ್, ಕೆಳಗೆ ಮಲಗಿದರೆ ಅರ್ಧ ಇಂಚಿನ ಸ್ಪ್ಯಾನರ್ ಬೇಕು. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ ಮೂಲದ್ದು, ಅದು ಮಿಲಿಮೀಟರ್. ಹಳೇ ವಿಲ್ಲಿಸ್ ಜೀಪಿನದು ಅಮೆರಿಕದ ಇಂಚು. ಸಾಲದ್ದಕ್ಕೆ ಅದರ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್. ಗೊತ್ತಿಲ್ಲದವರು ಬಿಚ್ಚಲು ಹೋಗಿ ಇನ್ನೂ ಬಿಗಿ ಮಾಡಿ ಸ್ಟಡ್ ಮುರಿದುಬಿಡ್ತಾರೆ.

ಇದಕ್ಕಿಂತ ಗೋಜಲಿನ ಕತೆಯೂ ಇದೆ. 1923ರಲ್ಲಿ ಮಾರಿಸ್ ಕಂಪನಿ ಫ್ರಾನ್ಸ್ ಮೂಲದ ಹಾಚ್‌ಕಿಸ್‌ನ ಇಂಜಿನ್ ಕಾರ್ಖಾನೆಯನ್ನು ಕೊಂಡುಕೊಂಡಿತು. ಅಲ್ಲಿನ ಯಂತ್ರಗಳೆಲ್ಲ ಮಿಲಿಮೀಟರ್ ಥ್ರೆಡ್ ಕೊರೆಯುವಂಥವು. ಯಂತ್ರ ಬದಲಿಸುವ ಬದಲು ಬೋಲ್ಟಿನ ತಲೆ ಮಾತ್ರ ಇಂಗ್ಲಿಷ್ ವಿಟ್‌ವರ್ತ್ ಸ್ಪ್ಯಾನರ್‌ಗೆ ಹೊಂದುವಂತೆ ಮಾಡಿದರು. ಎಂಜಿ ಟಿಸಿ, ಟಿಡಿ ಕಾರುಗಳ ಇಂಜಿನ್ನಿನಲ್ಲಿ ಈ ಮಿಶ್ರತಳಿ ಬೋಲ್ಟುಗಳು 1950ರ ದಶಕದವರೆಗೂ ಬಂದವು. ಇವತ್ತು ಅದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸುಲಭಕ್ಕೆ ಸಿಗಲ್ಲ.

‘ಹೆಚ್ಚುಕಡಿಮೆ ಸರಿಹೋಗುತ್ತೆ’ ಅನ್ನೋದೇ ಅಪಾಯ

5/16 ಇಂಚಿನ ಬೋಲ್ಟ್ ಅಂದ್ರೆ 7.94 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ 8 ಎಂಎಂ ಬೋಲ್ಟಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ. ಆದ್ರೆ ಯುಎನ್‌ಎಫ್‌ನಲ್ಲಿ ಇಂಚಿಗೆ 24 ಸುತ್ತು, ಸಾಮಾನ್ಯ 8 ಎಂಎಂನಲ್ಲಿ ಸುಮಾರು 20. ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯುತ್ತೆ. ಅಲ್ಲಿಗೇ ನಿಲ್ಲಿಸಿದರೆ ಬಚಾವ್. ಸ್ಪ್ಯಾನರ್ ಹಾಕಿ ಒತ್ತಿದರೆ ಒಳಗಿನ ಥ್ರೆಡ್ ಕಿತ್ತು ಬರುತ್ತೆ. ಆಗ ಹೋಗೋದು ಬೋಲ್ಟಲ್ಲ, ಇಂಜಿನ್ ಬ್ಲಾಕು ಅಥವಾ ಆಕ್ಸಲ್ಲು.

ಕಾಲು ಇಂಚಿನ ವಿಟ್‌ವರ್ತ್ ಮತ್ತು ಯುಎನ್‌ಸಿ ಎರಡರಲ್ಲೂ ಇಂಚಿಗೆ 20 ಸುತ್ತು, ಒಂದರೊಳಗೆ ಇನ್ನೊಂದು ಹೋಗುತ್ತೆ. ಆದರೆ ಥ್ರೆಡ್ಡಿನ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಮೈಗೆ ಮೈ ತಾಗಿ ಕೂರಲ್ಲ. ನಂಬರ್ ಪ್ಲೇಟಿಗೆ ಆದ್ರೆ ಪರವಾಗಿಲ್ಲ, ಸ್ಟೇರಿಂಗಿಗೆ ಆಗಲ್ಲ.

ಲೇತ್‌ನಲ್ಲಿ ಮಾಡಿಸಿದರೆ ಮುಗೀತಾ?

ಸಿಗದಿದ್ದರೆ ಟರ್ನರ್ ಹತ್ತಿರ ಹೋಗೋದು ನಮ್ಮ ಕಡೆ ರೂಢಿ. ಅಳತೆ ಕರಾರುವಾಕ್ಕಾಗಿ ಬರುತ್ತೆ, ಅನುಮಾನ ಇಲ್ಲ. ಪ್ರಶ್ನೆ ಇರೋದು ಕಬ್ಬಿಣದ್ದು. ತಲೆಯ ಮೇಲೆ 8.8 ಅಂತ ಇರುವ ಬೋಲ್ಟು ಮಾಮೂಲಿ 4.6 ಬೋಲ್ಟಿಗಿಂತ ಎರಡು ಪಟ್ಟು ಎಳೆತ ತಡೆಯುತ್ತೆ. ಇಂಚಿನ ಬೋಲ್ಟಿನಲ್ಲಿ ಗ್ರೇಡ್ 5ಕ್ಕೆ ಮೂರು ಗೆರೆ, ಗ್ರೇಡ್ 8ಕ್ಕೆ ಆರು ಗೆರೆ. ಸಾದಾ ಎಂಎಸ್ ರಾಡಿನಲ್ಲಿ ಕೊರೆದು ಕೊಟ್ಟ ಬೋಲ್ಟ್ ನೋಡೋಕೆ ಹಾಗೇ ಇರುತ್ತೆ, ಭಾರ ಬಿದ್ದಾಗ ಹಿಗ್ಗುತ್ತೆ ಅಥವಾ ತುಂಡಾಗುತ್ತೆ. ಸ್ಟೀಲ್ ಬೋಲ್ಟು ತುಕ್ಕು ಹಿಡಿಯಲ್ಲ ಅಂತ ಎಲ್ಲ ಕಡೆ ಹಾಕೋದೂ ತಪ್ಪು, ಅದರ ಶಕ್ತಿ ಸಾಮಾನ್ಯವಾಗಿ 8.8ಕ್ಕಿಂತ ಕಡಿಮೆ.

ಅನುಭವಿ ಮೇಸ್ತ್ರಿಗಳ ದಾರಿ ಬೇರೆ. ದಪ್ಪ 8.8 ಬೋಲ್ಟ್ ತಂದು ಅದನ್ನೇ ಲೇತ್‌ನಲ್ಲಿ ಇಳಿಸಿ ಬೇಕಾದ ಥ್ರೆಡ್ ಹಾಕಿಸ್ತಾರೆ. ಉದ್ದದ ಯುಎನ್‌ಎಫ್ ಬೋಲ್ಟ್ ಸಿಕ್ಕರೆ ಕತ್ತರಿಸಿ ಬಳಸ್ತಾರೆ. ರಾಡಿನಲ್ಲೇ ಮಾಡಿಸಬೇಕಾದರೆ ಇಎನ್ 24ರಂಥ ಗಟ್ಟಿ ಉಕ್ಕು ಕೇಳ್ತಾರೆ. ರಂಧ್ರದ ಥ್ರೆಡ್ ಹೋಗಿದ್ದರೆ ದೊಡ್ಡದು ಕೊರೆದು ಬೇರೆ ಬೋಲ್ಟ್ ತುರುಕುವ ಬದಲು ಹೆಲಿಕಾಯಿಲ್ ಎಂಬ ಸುರುಳಿ ಕೂರಿಸಿದರೆ ಹಳೇ ಅಳತೆಯೇ ಉಳಿಯುತ್ತೆ.

ಹುಡುಕೋಕೂ ಜಾಗ ಇದೆ. ಬೆಂಗಳೂರಿನ ಜೆ.ಸಿ. ರಸ್ತೆ ಎಲ್ಲರಿಗೂ ಗೊತ್ತು. ಹಲವರ ಗಮನಕ್ಕೆ ಬಾರದ್ದು ನಮ್ಮೂರಿನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳ ಹಳೇ ವಿನ್ಯಾಸ ಇಂಚಿನದು, ಯುಎನ್‌ಎಫ್, ಯುಎನ್‌ಸಿ ಬೋಲ್ಟುಗಳು ಅಲ್ಲಿ ಸಿಗುವ ಸಾಧ್ಯತೆ ಕಾರಿನ ಅಂಗಡಿಗಿಂತ ಹೆಚ್ಚು. ಜೊತೆಗೊಂದು ವರ್ನಿಯರ್, ಒಂದು ಥ್ರೆಡ್ ಗೇಜ್ ಇದ್ದರೆ ಅರ್ಧ ಅಲೆದಾಟ ತಪ್ಪುತ್ತೆ.

50 ವರ್ಷದ ಗೆರೆ, ನಡುವಿನ ಗಾಡಿಗಳು

2021ರ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಎ’ ಅಕ್ಷರದ ವಿಶೇಷ ನಂಬರ್ ಸಿಗುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ದಿನಬಳಕೆಗೆ ಓಡಿಸುವಂತಿಲ್ಲ. ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಾಗಿ ಬೋಲ್ಟ್ ಸಿಗಲಿಲ್ಲ ಅಂತ ಬೇರೆ ಗಾಡಿಯ ಇಂಜಿನ್ ಕೂರಿಸಿದವರು ಈ ಸೌಲಭ್ಯವನ್ನೇ ಕಳೆದುಕೊಳ್ಳಬಹುದು.

20ರಿಂದ 50 ವರ್ಷದ ನಡುವಿನ ಗಾಡಿಗಳ ಕತೆ ಇನ್ನೂ ಕಷ್ಟ. ಪದ್ಮಿನಿ 2000ದ ಆಸುಪಾಸಿನಲ್ಲಿ, ಅಂಬಾಸಿಡರ್ 2014ರಲ್ಲಿ ನಿಂತವು. 1983ರಲ್ಲಿ ಬಂದ ಮಾರುತಿ 800ಕ್ಕೆ 50 ತುಂಬೋದು 2033ಕ್ಕೆ. ಅಲ್ಲಿಯವರೆಗೆ ಅವು ವಿಂಟೇಜೂ ಅಲ್ಲ, ಹೊಸದೂ ಅಲ್ಲ. ಶುಲ್ಕ ಮಾತ್ರ ದುಬಾರಿ. ಈ ಗಾಡಿಗಳನ್ನು ಇಟ್ಟುಕೊಂಡವರಲ್ಲಿ ಸಂಗ್ರಹಕಾರರಷ್ಟೇ ಅಲ್ಲ, ಅಪ್ಪನ ಕಾರು ಮಾರೋಕೆ ಮನಸ್ಸಾಗದ ಸಾಮಾನ್ಯ ಮನೆಯವರೂ ಇದ್ದಾರೆ.

ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದ ಊರು ಇದು. ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಬೈಕುಗಳು ಇನ್ನೂ ಓಡ್ತಿವೆ ಅಂದ್ರೆ ಅದಕ್ಕೆ ಕಾರಣ ಥ್ರೆಡ್ ನೋಡಿ ಅಳತೆ ಹೇಳಬಲ್ಲ ಮೆಕ್ಯಾನಿಕ್‌ಗಳು ಮತ್ತು ಒಂದೇ ಒಂದು ಬೋಲ್ಟಿಗೂ ಲೇತ್ ಆನ್ ಮಾಡುವ ಟರ್ನರ್‌ಗಳು. ಐಟಿಐ ಮುಗಿಸಿದ ಹುಡುಗರು ಸಿಎನ್‌ಸಿ ಕಡೆ ಹೋಗೋದು ಸಹಜ, ಸಂಬಳ ಅಲ್ಲಿದೆ. ಆದ್ರೆ ಹಳೇ ಕೈಗಳು ನಿವೃತ್ತಿ ಆಗುವ ಮುಂಚೆ ಆ ಲೆಕ್ಕವನ್ನು ಬರೆದಿಡೋರು, ಕಲಿಯೋರು ಬೇಕು. ಗಾಡಿ ಮಾಲೀಕರು ಮಾಡಬಹುದಾದ್ದು ಇಷ್ಟೇ: ಬಿಚ್ಚಿದ ಒಂದು ಬೋಲ್ಟನ್ನೂ ಗುಜರಿಗೆ ಹಾಕಬೇಡಿ. ಯಾವ ಜಾಗದ್ದು ಅಂತ ಚೀಟಿ ಅಂಟಿಸಿ ಡಬ್ಬಿಯಲ್ಲಿಡಿ. ಮುರಿದಿದ್ದರೂ ಸರಿ, ಹೊಸದು ಮಾಡೋಕೆ ಅದೇ ಸ್ಯಾಂಪಲ್ಲು.