ಎಕ್ಸೆಲ್‌ಗೊಂದು ಗೇಮಿಂಗ್ ಮೌಸ್

ಗೇಮಿಂಗ್ ಮೌಸ್ ಅಂದ್ರೆ ಗೇಮ್ ಆಡೋರಿಗೆ ಮಾತ್ರ ಅಂದುಕೊಂಡಿದ್ದೀರಾ? ನಾನು ಕೊಂಡದ್ದು ಎಕ್ಸೆಲ್‌ಗೋಸ್ಕರ. ದಿನವಿಡೀ ಕಾಪಿ, ಪೇಸ್ಟ್, ಅನ್‌ಡೂ ಅಂತ ಕಂಟ್ರೋಲ್ ಕೀ ಒತ್ತಿ ಒತ್ತಿ ಎಡಗೈ ಕಿರುಬೆರಳು ಸಾಯಂಕಾಲದ ಹೊತ್ತಿಗೆ ಜೋಮು ಹಿಡಿಯುತ್ತಿತ್ತು. ಮೌಸ್ ಪಕ್ಕದಲ್ಲಿ ಎರಡು ಬಟನ್ ಇದ್ದರೆ ಆ ಕೆಲಸವನ್ನು ಬಲಗೈ ಹೆಬ್ಬೆರಳಿಗೆ ವಹಿಸಬಹುದಲ್ಲ ಅನ್ನೋದು ನನ್ನ ಲೆಕ್ಕಾಚಾರ. ಜೊತೆಗೆ ದೀಪಾನೂ ಬಂತು.

ಮನೆಗೆ ಬಂದವರೆಲ್ಲ ಮೊದಲು ನೋಡೋದು ಆ ದೀಪವನ್ನೇ. ಡಬ್ಬದ ಮೇಲೆ 1.68 ಕೋಟಿ ಬಣ್ಣ ಅಂತ ಬರೆದಿರುತ್ತೆ. ಸುಳ್ಳಲ್ಲ. ಕೆಂಪು, ಹಸಿರು, ನೀಲಿ ಎಲ್‌ಇಡಿ, ಒಂದೊಂದಕ್ಕೂ 256 ಹಂತದ ಬೆಳಕು, ಗುಣಿಸಿದ್ರೆ 1,67,77,216. ಅಮ್ಮನ ಪ್ರಕಾರ ಮಾತ್ರ ಇದು ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು, ಅಷ್ಟೇ.

ವೈರ್‌ಲೆಸ್ ಆದ್ರೆ ಈ ಶೋಕಿಗೆ ಬೆಲೆ ತೆರಬೇಕು. ಲಾಜಿಟೆಕ್ ಜಿ502 ಲೈಟ್‌ಸ್ಪೀಡ್‌ಗೆ ಕಂಪನಿಯೇ ಕೊಡೋ ಲೆಕ್ಕ ನೋಡಿ: ದೀಪ ಉರಿದರೆ 48 ಗಂಟೆ, ಆರಿಸಿದರೆ 60. ಅಂಗೈ ಕೆಳಗೆ ಮುಚ್ಚಿಹೋಗೋ ಲೋಗೋ ಬೆಳಗೋಕೆ 12 ಗಂಟೆ ಬ್ಯಾಟರಿ! ಆದ್ರೂ ನಾನು ಪೂರ್ತಿ ಆರಿಸಿಲ್ಲ. ಕುಣಿಯೋ ಕಾಮನಬಿಲ್ಲು ತೆಗೆದು, ಆಫೀಸ್ ಪ್ರೊಫೈಲಿಗೆ ನೀಲಿ, ಆಟಕ್ಕೆ ಕೆಂಪು ಇಟ್ಟಿದ್ದೀನಿ. ಈಗ ಯಾವುದು ಆನ್ ಆಗಿದೆ ಅಂತ ಕಣ್ಣು ಹಾಯಿಸಿದ್ರೆ ಸಾಕು.

ನಿಜವಾದ ತಲೆನೋವು ಸಾಫ್ಟ್‌ವೇರ್‌ದು. ಜಿ ಹಬ್, ರೇಝರ್ ಸಿನಾಪ್ಸ್ ಥರದ್ದನ್ನು ಆಫೀಸ್ ಲ್ಯಾಪ್‌ಟಾಪಿಗೆ ಹಾಕೋಕೆ ಐಟಿಯವರು ಬಿಡಲ್ಲ. ಅವರ ಮೇಲೆ ರೇಗಬೇಡಿ, ಕಾರಣ ಇದೆ. 2021ರ ಆಗಸ್ಟ್‌ನಲ್ಲಿ ಒಬ್ಬ ಸೆಕ್ಯುರಿಟಿ ಸಂಶೋಧಕರು ತೋರಿಸಿದ್ದು ಇದು: ವಿಂಡೋಸ್ 10 ಕಂಪ್ಯೂಟರಿಗೆ ರೇಝರ್ ಮೌಸ್ ಚುಚ್ಚಿದರೆ ಸಿನಾಪ್ಸ್ ಇನ್‌ಸ್ಟಾಲರ್ ತಾನೇ ಇಳಿದು ಸಿಸ್ಟಮ್ ಮಟ್ಟದ ಅಧಿಕಾರದಲ್ಲಿ ಓಡುತ್ತಿತ್ತು, ಫೋಲ್ಡರ್ ಆರಿಸೋ ಕಿಟಕಿಯಿಂದಲೇ ಪವರ್‌ಶೆಲ್ ತೆರೆದು ಇಡೀ ಯಂತ್ರವನ್ನು ಕೈಗೆ ತಗೋಬಹುದಿತ್ತು. ಬರೀ ಒಂದು ಮೌಸ್ ಸಾಕಿತ್ತು! ಸುದ್ದಿ ಹಬ್ಬಿದ ಮೇಲೆ ಕಂಪನಿ ಸರಿಪಡಿಸೋಕೆ ಮುಂದಾಯಿತು.

ಹಾಗಾಗಿ ಕೊಳ್ಳುವಾಗ ಬಣ್ಣ ಎಣಿಸೋ ಬದಲು ‘ಆನ್‌ಬೋರ್ಡ್ ಮೆಮೊರಿ’ ಇದೆಯಾ ಅಂತ ನೋಡಿ. ಇದ್ದರೆ ಮನೆಯ ಕಂಪ್ಯೂಟರಿನಲ್ಲೇ ಬಟನ್, ಡಿಪಿಐ ಎಲ್ಲ ಹೊಂದಿಸಿ ಮೌಸ್‌ನೊಳಗೇ ಉಳಿಸಬಹುದು. ಆಫೀಸಿನಲ್ಲಿ ಚುಚ್ಚಿದರೆ ಸಾಕು, ಅಲ್ಲಿ ಏನೂ ಇನ್‌ಸ್ಟಾಲ್ ಬೇಡ. ಆ್ಯಪ್ ಬದಲಾದಂತೆ ಪ್ರೊಫೈಲ್ ತಾನಾಗೇ ಬದಲಾಗೋ ಸೌಕರ್ಯ ಮಾತ್ರ ಸಾಫ್ಟ್‌ವೇರ್ ಇದ್ದರೇನೇ. ಡಬ್ಬದ ಮೇಲಿನ 25,000 ಡಿಪಿಐಗೂ ಮರುಳಾಗಬೇಡಿ; ನನ್ನದು 1200ರಲ್ಲಿ ಹಾಯಾಗಿದೆ.

ಮುಂದಿನ ಬಟನ್ ಕಾಪಿ, ಹಿಂದಿನದು ಪೇಸ್ಟ್. ಜೋಮು ಪೂರ್ತಿ ಹೋಗಿಲ್ಲ, ಆದ್ರೆ ಈಗ ಶುಕ್ರವಾರದವರೆಗೂ ಕಾಯುತ್ತೆ. ಚಕ್ರದ ಹಿಂದಿರೋ ಮೂರನೇ ಬಟನ್‌ಗೆ ಇನ್ನೂ ಕೆಲಸ ಸಿಕ್ಕಿಲ್ಲ. ಮೀಟಿಂಗ್ ಮ್ಯೂಟ್‌ಗೆ ಇಟ್ಕೋ ಅಂತಿದ್ದಾಳೆ ತಂಗಿ. ನಿಮ್ಮದಕ್ಕೆ ಏನು ಕೊಟ್ಟಿದ್ದೀರಿ?