ಮೊದಲು ಬೆವರು, ಆಮೇಲೆ ಹಣ

ಮಗಳ ಕಾಲೇಜು ಫೀಸು ಕಟ್ಟುವ ತಿಂಗಳು ಬಂತೆಂದರೆ ಮೇಷ್ಟ್ರ ಸಂಬಳ ಗಿಡ್ಡವಾಗಿ ಕಾಣುತ್ತದೆ. ಕಳೆದ ವರ್ಷ ಅಂಥದೇ ಒಂದು ಸಂಜೆ ಮೊಬೈಲಿಗೆ ಸಂದೇಶ ಬಂತು: ‘ಮನೆಯಲ್ಲೇ ಕೂತು, ಬಿಡುವಾದಾಗ ಕೆಲಸ. ವಿಡಿಯೋಗೆ ಒಂದು ಲೈಕ್ ಒತ್ತಿದರೆ 50 ರೂಪಾಯಿ.’ ಮೂರು ಸಲ ಒತ್ತಿದೆ. 150 ರೂಪಾಯಿ ನಿಜಕ್ಕೂ ಖಾತೆಗೆ ಬಿತ್ತು! ಹೆಂಡತಿಗೆ ತೋರಿಸಿ ಬೀಗಿದೆ.

ಮರುದಿನ, ‘2,000 ಕಟ್ಟಿ, 2,800 ಪಡೆಯಿರಿ’ ಎಂದರು. ಕಟ್ಟಿದೆ, ಬಂತು. ಆಮೇಲೆ 20,000 ಕಟ್ಟಿದೆ. ಪರದೆಯ ಮೇಲೆ 28,000 ಎಂದು ಕಾಣುತ್ತಿತ್ತು, ಕೈಗೆ ಬರಲಿಲ್ಲ. ಅದನ್ನು ಬಿಡಿಸಿಕೊಳ್ಳಲು ಇನ್ನೂ 15,000 ‘ತೆರಿಗೆ’ ಕಟ್ಟಬೇಕಂತೆ!

ಶಕ್ತಿಯನ್ನು ಶೂನ್ಯದಿಂದ ಸೃಷ್ಟಿಸಲಾಗದು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವನು ನಾನು. ಒಂದು ಲೈಕಿಗೆ ಯಾರಾದರೂ 50 ರೂಪಾಯಿ ಏಕೆ ಕೊಡುತ್ತಾರೆ, ಆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಲೇ ಇಲ್ಲ. ಮೊದಲು ಬಂದದ್ದು ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಇಂಥ ವಂಚನೆಗೆ 1930 ಎಂಬ ಸಹಾಯವಾಣಿ ಇದೆ. ಕೂಡಲೇ ತಿಳಿಸಿದರೆ ಹಣ ಕೈದಾಟುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಉಂಟು. ನಾನು ನಾಚಿಕೆಯಿಂದ ಎರಡು ದಿನ ಬಾಯಿ ಬಿಡಲಿಲ್ಲ; ಹಣ ಹೋಯಿತು.

ಆನ್‌ಲೈನಿನಲ್ಲಿ ನಿಜವಾದ ಕೆಲಸವೂ ಇದೆ: ಅನುವಾದ, ಪಾಠ, ಲೆಕ್ಕಪತ್ರ. ಅಲ್ಲಿ ಮೊದಲು ಬೆವರು, ಆಮೇಲೆ ಹಣ. ಕೆಲಸ ಕೊಡುವವರೇ ನಿಮ್ಮಿಂದ ಹಣ ಕೇಳಿದರೆ ಅದು ಕೆಲಸವಲ್ಲ. ಇದನ್ನೀಗ ಹತ್ತನೇ ತರಗತಿಯ ಮಕ್ಕಳಿಗೂ ಹೇಳುತ್ತೇನೆ. ಅವರಿಗೆ ಪುಕ್ಕಟೆ, ನಾನು ತೆತ್ತ ಫೀಸು 19,050 ರೂಪಾಯಿ.